ಹಿತ್ತಿಲ ಹುಳಿ, ಪೊಟ್ಟಣದ ಹುಳಿ

ಕುವೈತಿನ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಬಾರಿ ರಜೆಯಲ್ಲಿ ಊರಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ನಮ್ಮನ್ನು ಊಟಕ್ಕೆ ಕರೆದಿದ್ದಳು. ಅಲ್ಲಿ ಅವಳೊಂದಿಗೆ ಒಂದೇ ಕೋಣೆಯಲ್ಲಿ ವಾಸವಾಗಿರುವವಳು ಫಿಲಿಪ್ಪೀನ್ಸ್ ದೇಶದ ಇಲೊಯಿಲೊ ಎಂಬ ಊರಿನ ಹೆಣ್ಣುಮಗಳಂತೆ. ಅವಳಿಂದ ಕಲಿತ 'ಸಿನಿಗಾಂಗ್' ಎಂಬ ಹುಳಿಸಾರನ್ನು ಸುಳ್ಯದ ತನ್ನ ಮನೆಯ ಅಡುಗೆಮನೆಯಲ್ಲಿ ಮಾಡಿ, "ಸರ್, ಇದನ್ನು ಸ್ವಲ್ಪ ರುಚಿ ನೋಡಿ ಹೇಳಬೇಕು" ಎಂದು ಸ್ಟೀಲಿನ ಲೋಟದಲ್ಲಿ ತಂದಿಟ್ಟಳು. ತಿಳಿಯಾದ ಸಾರು, ಅದರಲ್ಲಿ ಮೀನಿನ ಎರಡು ತುಂಡು, ಮೂಲಂಗಿ, ಬೆಂಡೆ, ಅಲಸಂಡೆ, ಬದನೆ, ಒಂದು ಇಡೀ ಹಸಿಮೆಣಸು, ಮೇಲೆ ಬಾಡಿದ ಸೊಪ್ಪು. ತೆಂಗಿನಕಾಯಿಯಿಲ್ಲ, ಒಗ್ಗರಣೆಯಿಲ್ಲ, ಕೊತ್ತಂಬರಿ ಜೀರಿಗೆಗಳ ಪುಡಿಯಿಲ್ಲ. ಬಾಯಿಗಿಟ್ಟೊಡನೆ ಹುಳಿ ಮಾತ್ರ ಹಣೆಗೇರಿತು.

"ಹುಳಿ ಯಾವುದು ಮಗಳೇ?" ಎಂದು ಕೇಳಿದೆ. ಅವಳು ಒಳಗಿನಿಂದ ಒಂದು ಬಣ್ಣದ ಪೊಟ್ಟಣವನ್ನು ತಂದು ತೋರಿಸಿದಳು. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಉಪ್ಪು, ಸಿಟ್ರಿಕ್ ಆಮ್ಲ, ರುಚಿವರ್ಧಕ ಎಂದು ಮೊದಲಾಗಿ ಬರೆದು, ಎಲ್ಲೋ ನಡುವೆ ಹುಣಸೆಯ ಪುಡಿಯನ್ನೂ ಕಾಣಿಸಿದ್ದರು. ನಾನು ತಲೆಯೆತ್ತಿ ನೋಡಿದರೆ ಅವರ ಅಡುಗೆಮನೆಯ ಕಿಟಕಿಯಾಚೆಗೆ, ಬಚ್ಚಲಿನ ನೀರು ಹರಿಯುವ ಜಾಗದಲ್ಲಿ, ಬುಡದಿಂದ ತುದಿಯವರೆಗೆ ಕಾಂಡಕ್ಕೇ ಕಚ್ಚಿಕೊಂಡು ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟ ಬಿಂಪುಳಿ ಮರವೊಂದು ನಿಂತಿತ್ತು. ಕೆಳಗೆ ಬಿದ್ದ ಕಾಯಿಗಳು ಕೊಳೆಯುತ್ತಿದ್ದವು. ಅವಳ ತಾಯಿ, "ಅದರ ಕಾಯಿ ಯಾರಿಗೆ ಬೇಕು ಮಾಷ್ಟ್ರೇ, ಅಂಗಳ ಗುಡಿಸುವುದೇ ಒಂದು ಕೆಲಸ, ಈ ವರ್ಷ ಕಡಿಸುವವರಿದ್ದೇವೆ" ಎಂದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹತ್ತನೆಯ ತರಗತಿಯಲ್ಲಿ ವಿಸ್ತರಿಸಿ ಬರೆಯಲು ನಾನೇ ಎಷ್ಟೋ ಸಲ ಕೊಟ್ಟಿದ್ದೇನೆ. ಆದರೆ ಈ ಪ್ರಸಂಗದಲ್ಲಿ ಅದಕ್ಕಿಂತ ವಿಚಿತ್ರವಾದುದು ಒಂದಿದೆ. ಬಿಂಪುಳಿಯನ್ನು ಫಿಲಿಪ್ಪೀನ್ಸಿನವರು 'ಕಾಮಿಯಾಸ್' ಎನ್ನುತ್ತಾರೆ, ಮತ್ತು ಸಿನಿಗಾಂಗಿಗೆ ಅವರು ಪರಂಪರೆಯಿಂದ ಬಳಸಿಕೊಂಡು ಬಂದ ಹುಳಿಗಳಲ್ಲಿ ಅದೂ ಒಂದು! ಅಂದರೆ ಆ ದಿನ ಪೊಟ್ಟಣದಲ್ಲಿ ಬಂದದ್ದಕ್ಕಿಂತ ಹೆಚ್ಚು ಫಿಲಿಪ್ಪೀನೀ ವಸ್ತು ಕಿಟಕಿಯ ಹೊರಗೆ ಮಣ್ಣಿನಲ್ಲಿ ಕೊಳೆಯುತ್ತಿತ್ತು.

ಸಿನಿಗಾಂಗ್ ಎಂಬ ಹೆಸರು ಅವರ ತಗಾಲೋಗ್ ಭಾಷೆಯ 'ಸಿಗಾಂಗ್' ಎಂಬ ಧಾತುವಿನಿಂದ ಬಂದದ್ದು; ಕುದಿಸಿ ಬೇಯಿಸುವುದು ಎಂದು ಅದರ ಅರ್ಥ. ಹೆಸರಿನಲ್ಲಿ ಹುಳಿಯ ಮಾತೇ ಇಲ್ಲ. ಹುಳಿ ಯಾವುದೆಂಬುದನ್ನು ಊರು ಮತ್ತು ಋತು ನಿರ್ಧರಿಸುತ್ತವೆ. ಒಂದು ಕಡೆ ಹಸಿ ಹುಣಸೆಕಾಯಿ, ಇನ್ನೊಂದು ಕಡೆ ಮಾವಿನಕಾಯಿ, ಮತ್ತೊಂದು ಕಡೆ ಹಣ್ಣಾದ ಪೇರಳೆ. ಕೆಲವು ದ್ವೀಪಗಳಲ್ಲಿ 'ಲಿಬಾಸ್' ಎಂಬ ಮರದ ಎಲೆಯನ್ನು ಹಾಕುತ್ತಾರೆ. ಅದು ಬೇರೇನೂ ಅಲ್ಲ, ನಮ್ಮ ಕಾಡು ಅಂಬಟೆ. ಇಲೊಯಿಲೊ ಕಡೆಯಲ್ಲಿ 'ಬಟುವಾನ್' ಎಂಬ ಕಾಯಿಯಿದೆ. ಅದು ನಮ್ಮ ಪುನರ್ಪುಳಿ, ಮಂತುಪುಳಿಗಳ ಗಾರ್ಸೀನಿಯಾ ಕುಲಕ್ಕೇ ಸೇರಿದ ಮರದ ಕಾಯಿ. ಅದನ್ನು ಹಾಕಿ ತೊಗರಿಕಾಳು, ಮಾಂಸ ಮತ್ತು ಹಲಸಿನ ಗುಜ್ಜೆ ಸೇರಿಸಿ ಬೇಯಿಸಿದ ಸಾರು ಆ ಭಾಗದ ಹೆಸರಾಂತ ಅಡುಗೆ. ಗುಜ್ಜೆ, ತೊಗರಿ, ಪುನರ್ಪುಳಿಯ ಬಂಧು: ಈ ಮೂರನ್ನೂ ಒಟ್ಟಿಗೆ ಕೇಳಿದ ಸುಳ್ಯದವನಿಗೆ ಅದು ಸಮುದ್ರದಾಚೆಯ ದೇಶದ ಅಡುಗೆ ಎನಿಸೀತೇ? ಇನ್ನೂ ಒಂದಿದೆ. ಆ ಸಾರಿಗೆ ಅವರು ಬರಿಯ ನೀರನ್ನು ಬಳಸದೆ ಅಕ್ಕಿಯನ್ನು ಎರಡನೆಯ ಬಾರಿ ತೊಳೆದ ನೀರನ್ನು ಬಳಸುವ ರೂಢಿಯಿದೆ. ನಾವು ಅದನ್ನು ಅಕ್ಕಚ್ಚು ಎಂದು ಹಟ್ಟಿಗೆ ಒಯ್ಯುತ್ತಿದ್ದೆವು. ಈಗ ಹಟ್ಟಿಯೂ ಇಲ್ಲ, ಅದು ನೇರವಾಗಿ ಚರಂಡಿಗೆ ಹೋಗುತ್ತದೆ.

ಹಾಗಾಗಿ ನನ್ನ ತಕರಾರು ಪರದೇಶದ ಅಡುಗೆಯ ಬಗ್ಗೆ ಅಲ್ಲ. ನಮ್ಮ ಮಕ್ಕಳು ನಾಲ್ಕು ದೇಶದ ಊಟ ಕಲಿತು ಬಂದು ಮನೆಯಲ್ಲಿ ಮಾಡಿ ಬಡಿಸಿದರೆ ಸಂತೋಷವೇ. ನನ್ನ ತಕರಾರು ಪೊಟ್ಟಣದ ಬಗ್ಗೆ. ಅದರಲ್ಲೂ ಪೊಟ್ಟಣ ಮನೆಗೆ ಬಂದೊಡನೆ ಮರಕ್ಕೆ ಕೊಡಲಿ ಬೀಳುವುದರ ಬಗ್ಗೆ. ಇದು ಸಿನಿಗಾಂಗ್ ಒಂದರ ಕಥೆಯಲ್ಲ. ನಮ್ಮ ಸಾರಿಗೂ ಇದೇ ಆಗಿದೆ. ಅಂಗಡಿಯ ಸಾರಿನ ಪುಡಿ, ಟೊಮೆಟೊ, ಒಂದಿಷ್ಟು ಹುಣಸೆ: ಚೈತ್ರದಿಂದ ಫಾಲ್ಗುಣದವರೆಗೆ ಅದೇ ಸಾರು.

ಹುಣಸೆಯನ್ನು ನಾನು ಹೀಗಳೆಯುತ್ತಿಲ್ಲ. ಆದರೆ ವಿಚಾರ ಮಾಡಿ ನೋಡಿ, ಹುಣಸೆ ನಮ್ಮ ಸೀಮೆಯ ಮರವಲ್ಲ. ಅದು ಒಣಹವೆಯನ್ನು ಬಯಸುವ ಮರ. ಕೋಲಾರ, ತುಮಕೂರಿನ ಕಡೆಯ ಬಯಲಿನಲ್ಲಿ ಅದು ಹೊರುವಷ್ಟು ಫಸಲನ್ನು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಘಟ್ಟದ ಬುಡದಲ್ಲಿ ಹೊರುವುದಿಲ್ಲ. ಅದು ಘಟ್ಟದ ಮೇಲಿನಿಂದ ಗೋಣಿಯಲ್ಲಿ ಇಳಿದು ಬರುತ್ತಿದ್ದ, ದುಡ್ಡು ಕೊಟ್ಟು ಕೊಳ್ಳಬೇಕಾದ ಹುಳಿ. ದುಡ್ಡಿಲ್ಲದ ಕಾಲದಲ್ಲಿ ಸುಳ್ಯದ ಮನೆಗಳು ಹುಳಿಯಿಲ್ಲದೆ ಉಣ್ಣುತ್ತಿದ್ದವೇ? ಇಲ್ಲ. ಅವುಗಳಿಗೆ ತಮ್ಮದೇ ಹುಳಿಯ ಪಂಚಾಂಗವಿತ್ತು.

ನನ್ನ ಅಮ್ಮನ ಅಡುಗೆಮನೆಯ ಪಂಚಾಂಗವನ್ನು ನೆನಪಿನಿಂದ ಹೇಳುತ್ತೇನೆ. ಬೇಸಗೆಯ ಮೊದಲಲ್ಲಿ ಕಾಟುಮಾವಿನ ಕಾಯಿ; ಅದನ್ನೇ ಭರಣಿಯಲ್ಲಿ ಉಪ್ಪುನೀರಿಗೆ ಹಾಕಿಟ್ಟರೆ ಮಳೆಗಾಲದ ಗೊಜ್ಜಿಗಾಯಿತು. ಏಪ್ರಿಲ್ ಮೇ ತಿಂಗಳಲ್ಲಿ ಪುನರ್ಪುಳಿ. ಮಳೆ ಹಿಡಿದ ಮೇಲೆ ಎಳೆಯ ಅಂಬಟೆ, ಮಂತುಪುಳಿ. ಇವುಗಳ ನಡುನಡುವೆ, ವರ್ಷದಲ್ಲಿ ಹಲವು ಬಾರಿ ಕಾಯಿ ಬಿಡುವ ಬಿಂಪುಳಿ ಮತ್ತು ದಾರೆಪುಳಿ. ಮೀನಿಗೆ ಒಂದು ಹುಳಿ, ಕೆಸುವಿಗೆ ಒಂದು ಹುಳಿ, ಜ್ವರ ಬಿಟ್ಟವರ ಗಂಜಿಯ ಪಕ್ಕಕ್ಕೆ ಇನ್ನೊಂದು. ಯಾವುದು ಯಾವುದಕ್ಕೆ ಎಂದು ಅಮ್ಮ ಪುಸ್ತಕದಲ್ಲಿ ಬರೆದಿಡಲಿಲ್ಲ. ನಾಲಿಗೆಯ ಮೇಲೆ ಬರೆದಿಟ್ಟಿದ್ದರು.

ನಮ್ಮ ಹುಳಿಗಳ ಹದವನ್ನು ಮಳೆಯೇ ಹೇಗೆ ನಿರ್ಧರಿಸಿದೆ ಎಂಬುದು ಗಮನಿಸತಕ್ಕ ವಿಷಯ. ಪುನರ್ಪುಳಿ ಮಳೆಗೆ ಮುನ್ನ ಹಣ್ಣಾಗುತ್ತದೆ. ಆದ್ದರಿಂದ ಸಿಪ್ಪೆಯನ್ನು ಬಿಡಿಸಿ, ಉಪ್ಪು ಬೆರೆಸಿದ ಅದರದೇ ರಸದಲ್ಲಿ ಅದ್ದಿ ಅದ್ದಿ ಬಿಸಿಲಿನಲ್ಲಿ ಒಣಗಿಸಿಡಬಹುದು. ಮಂತುಪುಳಿ ಹಣ್ಣಾಗುವುದು ಮಳೆಯ ನಡುವಿನಲ್ಲಿ, ಬಿಸಿಲೆಲ್ಲಿಂದ ಬರಬೇಕು? ಹಾಗಾಗಿ ಅದು ಒಲೆಯ ಮೇಲಣ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾಗುತ್ತದೆ. ಸಂಪಾಜೆ ಘಾಟಿ ಹತ್ತಿ ಕೊಡಗಿಗೆ ಹೋದರೆ ಅದೇ ಹಣ್ಣಿನ ರಸವನ್ನು ತೊಟ್ಟಿಕ್ಕಿಸಿ, ಮಸಿಯಂತಾಗುವವರೆಗೆ ಕುದಿಸಿ, ಕಾಚಂಪುಳಿ ಎಂದು ಸೀಸೆಯಲ್ಲಿ ತುಂಬಿಡುತ್ತಾರೆ. ಒಂದೇ ಘಟ್ಟದ ಮೇಲಕ್ಕೂ ಕೆಳಕ್ಕೂ ಒಂದೇ ಹಣ್ಣಿಗೆ ಎರಡು ದಾರಿ.

ಪುನರ್ಪುಳಿಯ ಸಿಪ್ಪೆ ಪತ್ತನಾಜೆಯ ಒಳಗೆ, ಅಂದರೆ ಮೇ ತಿಂಗಳ 24-25ರ ಒಳಗೆ, ಒಣಗಿ ಭರಣಿ ಸೇರಬೇಕೆಂಬುದು ನಮ್ಮಲ್ಲಿನ ಲೆಕ್ಕವಾಗಿತ್ತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು ತಲುಪಿತು. ಆ ವರ್ಷ ನಮ್ಮ ಮನೆಯ ಸಿಪ್ಪೆಯಲ್ಲಿ ಅರ್ಧದಷ್ಟು ಬಿಸಿಲು ಕಾಣದೆ ಒಲೆಯ ಮೇಲೆಯೇ ಒಣಗಿತು. ಹೊಗೆಯ ವಾಸನೆ ಸಾರಿನಲ್ಲಿ ವರ್ಷಪೂರ್ತಿ ಉಳಿಯಿತು. ಮೊಮ್ಮಗನಿಗೆ ಅದೇ ಹೆಚ್ಚು ಇಷ್ಟವಾಯಿತೆಂಬುದು ಬೇರೆ ಮಾತು.

ಊರಿನಿಂದ ದೂರವಿರುವವರು ಪತ್ರ ಬರೆದು ಕೇಳುವುದುಂಟು; ಆದ್ದರಿಂದ ಪುನರ್ಪುಳಿ ಸಾರಿನ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ. ನಾಲ್ವರಿಗೆ ಎಂಟು ಹತ್ತು ಒಣಸಿಪ್ಪೆ ಸಾಕು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಲಿ. ಕೈಯಿಂದ ಹಿಚುಕಿ ಬಣ್ಣವನ್ನೆಲ್ಲ ನೀರಿಗೆ ಬಿಡಿಸಿ, ಬೇಕಾದಷ್ಟು ನೀರು ಸೇರಿಸಿ, ಸೀಳಿದ ಎರಡು ಹಸಿಮೆಣಸು, ನೆಲ್ಲಿಕಾಯಿ ಗಾತ್ರದ ಬೆಲ್ಲ ಹಾಕಿ ಒಲೆಗಿಡಿ. ಸಿಪ್ಪೆಯಲ್ಲಿ ಉಪ್ಪು ಇರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಬೇಕು. ಒಂದು ಕುದಿ ಬಂದರೆ ಸಾಕು, ಇಳಿಸಿಬಿಡಿ. ಹೆಚ್ಚು ಕುದಿಸಿದರೆ ಬಣ್ಣ ಮಂಕಾಗುತ್ತದೆ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಬೆಳ್ಳುಳ್ಳಿ ಬಳಸದವರು ಇಂಗು ಹಾಕುತ್ತಾರೆ. ಬೇಳೆಯಿಲ್ಲ, ಸಾರಿನ ಪುಡಿಯಿಲ್ಲ. ಮಣ್ಣಿನ ಪಾತ್ರೆ ಅಥವಾ ಸ್ಟೀಲು ಉತ್ತಮ. ಅಲ್ಯೂಮಿನಿಯಂ ಬೇಡ, ಕಲಾಯಿ ಹೋದ ಹಿತ್ತಾಳೆಯಂತೂ ಖಂಡಿತ ಬೇಡ. ಏಕೆ ಬೇಡವೆಂಬುದನ್ನು ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಆಮ್ಲ ಮತ್ತು ಲೋಹಗಳ ಪಾಠ ಕೇಳಿದವರು ತಾವೇ ಹೇಳಬೇಕು. ಲಿಟ್ಮಸ್ ಕಾಗದ ಮುಗಿದುಹೋದ ವರ್ಷಗಳಲ್ಲಿ ನಾವು ಪುನರ್ಪುಳಿಯ ನೀರಿಗೇ ಅಡುಗೆ ಸೋಡಾ ಹಾಕಿ ಕೆಂಪು ಬಣ್ಣ ಬದಲಾಗುವುದನ್ನು ನೋಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಈಗ ಮರದ ವಿಷಯಕ್ಕೆ ಬರುತ್ತೇನೆ. ಈ ಬರಹಕ್ಕೆ ಕಾರಣವೇ ಅದು.

ಈ ಹುಳಿಮರಗಳನ್ನು ನಮ್ಮ ಹಿರಿಯರು ಸಾಲಾಗಿ ನೆಟ್ಟು ಬೆಳೆಸಿದವರಲ್ಲ. ಅವು ಇದ್ದದ್ದು ತೋಡಿನ ಬದಿಯಲ್ಲಿ, ತೋಟದ ಅಂಚಿನ ಬರೆಯಲ್ಲಿ, ಹೆಚ್ಚಾಗಿ ಕುಮ್ಕಿಯಲ್ಲಿ. ಕುಮ್ಕಿ ಎಂದರೆ ಹೊರಗಿನವರಿಗೆ ಅರ್ಥವಾಗಲಿಕ್ಕಿಲ್ಲ: ವರ್ಗ ಜಮೀನಿನ ಗಡಿಯಿಂದ ನೂರು ಗಜದವರೆಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು ಸೌದೆ ತರಲು ಕೃಷಿಕನಿಗೆ ಇದ್ದ ಸವಲತ್ತು ಅದು. ಆ ಗುಡ್ಡೆಯಲ್ಲಿ ಪುನರ್ಪುಳಿ, ಕಾಟುಮಾವು, ಅಂಬಟೆಗಳು ತಾವಾಗಿ ಹುಟ್ಟಿ ಬೆಳೆದಿದ್ದವು. ಲೆಕ್ಕಪುಸ್ತಕದಲ್ಲಿ ಅವುಗಳಿಗೆ ಹೆಸರಿರಲಿಲ್ಲ. ಹೆಸರಿಲ್ಲದ್ದೇ ಅವುಗಳಿಗೆ ಮುಳುವಾಯಿತು. ಗುಡ್ಡೆಗೆ ಗೇರು ಬಂತು, ಬಳಿಕ ರಬ್ಬರು ಬಂತು. (ರಬ್ಬರಿನ ಕಥೆ ಇನ್ನೊಂದು ದೊಡ್ಡ ಅಧ್ಯಾಯ. 1964ರ ಒಪ್ಪಂದದಂತೆ ಸಿಲೋನಿನಿಂದ ಮರಳಿ ಬಂದ ತಮಿಳು ಕುಟುಂಬಗಳ ಮಕ್ಕಳು ಸರಕಾರಿ ರಬ್ಬರ್ ತೋಟಗಳ ವಸತಿಗಳಿಂದ ನನ್ನ ತರಗತಿಗೂ ಬರುತ್ತಿದ್ದರು. ಅವರ ಬುತ್ತಿಯ ಹುಣಸೆಯ ಕುಳಂಬಿನ ಪರಿಮಳ ಇಡೀ ಕೋಣೆಯನ್ನು ತುಂಬುತ್ತಿತ್ತು.) ಈಚೆಗೆ ಮಣ್ಣು ಅಗೆಯುವ ಯಂತ್ರ ಬಂದ ಮೇಲೆ ಬರೆ, ಅಂಚು ಎಂಬುದೇ ಇಲ್ಲವಾಗಿದೆ. ಒಂದು ದಿನದ ಬಾಡಿಗೆಯಲ್ಲಿ ಗುಡ್ಡ ಸಪಾಟು; ಮೂವತ್ತು ವರ್ಷದ ಪುನರ್ಪುಳಿ ಮರ ಹತ್ತು ನಿಮಿಷದಲ್ಲಿ ಮಗುಚಿ ಬೀಳುತ್ತದೆ.

ನಮ್ಮ ತಾಲೂಕಿನ ಕೃಷಿಕರ ಇಂದಿನ ಸಂಕಟವನ್ನು ನಾನು ಅರಿಯದವನಲ್ಲ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ಕಡೆಗಳಲ್ಲಿ ಹಳದಿ ಎಲೆ ರೋಗದಿಂದ ಅಡಕೆ ತೋಟಗಳು ಹೇಗೆ ಬೋಳಾಗಿವೆ ಎಂಬುದನ್ನು ನಮ್ಮ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ಅವರಲ್ಲಿ ಅನೇಕರು ಅದನ್ನು ಅನುಭವಿಸುತ್ತಿದ್ದಾರೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಆ ರೋಗಕ್ಕೆ ಮದ್ದಿಲ್ಲ. ಅದರ ಮೇಲೆ ಎಲೆಚುಕ್ಕಿಯ ಕಾಟ. ಹೀಗಿರುವಾಗ, ಕಳೆದ ವರ್ಷ ಕುಟುಂಬದ ಪೂಜೆಗೆ ಸೇರಿದ್ದಾಗ ನನ್ನ ದೊಡ್ಡಪ್ಪನ ಮಗ ನನ್ನನ್ನು ತರಾಟೆಗೆ ತೆಗೆದುಕೊಂಡ. "ಅಣ್ಣಾ, ನಿನಗೆ ಪಿಂಚಣಿ ಬರುತ್ತದೆ, ನೀನು ಪುನರ್ಪುಳಿ ನೆಡು. ಒಂದು ಪುನರ್ಪುಳಿ ಮರದ ಜಾಗದಲ್ಲಿ ನನಗೆ ಐದು ಅಡಕೆ ಮರ ಬರುತ್ತದೆ" ಎಂದ.

ಅವನ ಲೆಕ್ಕ ಸರಿಯೇ. ಅಡಕೆಗೆ 2.7 ಮೀಟರ್ ಅಂತರ, ಪುನರ್ಪುಳಿಗೆ 6 ಮೀಟರ್. ಗುಣಿಸಿ ಭಾಗಿಸಿದರೆ ಹೆಚ್ಚು ಕಡಿಮೆ ಐದೇ ಬರುತ್ತದೆ. ಆದರೆ ಲೆಕ್ಕ ಸರಿಯಾದರೂ ಪ್ರಶ್ನೆ ತಪ್ಪು. ಯಾರೂ ತೋಟದ ನಡುವೆ ಪುನರ್ಪುಳಿ ನೆಡಿ ಎನ್ನುತ್ತಿಲ್ಲ. ಅಡಕೆ ನಿಲ್ಲದ ಬರೆ, ಹಂದಿ ಅಗೆಯುವ ಮೂಲೆ, ಬಚ್ಚಲಿನ ನೀರು ನಿಲ್ಲುವ ಜಾಗ ಪ್ರತಿ ಮನೆಗೂ ಇದೆ. ಅಲ್ಲಿ ಈಗಾಗಲೇ ನಿಂತಿರುವ ಮರವನ್ನು ಕಡಿಯಬೇಡಿ ಎಂಬುದಷ್ಟೇ ನನ್ನ ಮಾತು. ಅಲ್ಲದೆ ಒಂದೇ ಬೆಳೆಯನ್ನು ನಂಬಿದವರ ಪಾಡು ಏನಾಯಿತೆಂಬುದನ್ನು ಅವನ ತೋಟವೇ ಹೇಳುತ್ತಿದೆ. ನಾನು ಆ ದಿನ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವನ ಹದಿನೆಂಟು ವರ್ಷದ ತೋಟ ಹಳದಿಯಾಗಿ ನಿಂತಿರುವಾಗ ಅದು ಹೇಳುವ ಮಾತೂ ಅಲ್ಲ.

ಇನ್ನು ಈ ಹುಳಿಗಳಿಗೆ ಬೆಲೆ ಬಂದರೆ ಮರ ತಾನೇ ಉಳಿಯುತ್ತದೆ ಎನ್ನುವವರಿದ್ದಾರೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಮಂತುಪುಳಿಗೆ ಒಮ್ಮೆ ಅಂಥ ಬೆಲೆ ಬಂದಿತ್ತು. ಅದರ ಸಿಪ್ಪೆಯ ಸಾರದಿಂದ ಬೊಜ್ಜು ಕರಗುತ್ತದೆಂದು ಹೊರದೇಶಗಳಲ್ಲಿ ಗುಳಿಗೆ ಮಾಡಿ ಮಾರತೊಡಗಿದಾಗ, ಅದನ್ನು ಉಪ್ಪಾಗೆ ಎಂದು ಕರೆಯುವ ಉತ್ತರ ಕನ್ನಡದ ಕಾಡುಗಳಲ್ಲಿ ಕಾಯಿಗಾಗಿ ಕೊಂಬೆಗಳನ್ನೇ ಕಡಿದರು. ಮಳೆಯಲ್ಲಿ ಅದನ್ನು ಒಣಗಿಸಲು ರಾಶಿ ರಾಶಿ ಸೌದೆ ಉರಿಸಿದರು. ಆ ಗುಳಿಗೆಯಾದರೂ ಫಲ ಕೊಟ್ಟಿತೇ? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 12 ವಾರಗಳ ಬಳಿಕ ಗುಳಿಗೆ ನುಂಗಿದವರಿಗೂ ಹುಸಿಗುಳಿಗೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಂತುಪುಳಿ ಮೀನಿನ ಸಾರಿಗೆ ಇರುವಂಥದ್ದು, ಅದನ್ನು ಅಲ್ಲಿಯೇ ಬಿಡೋಣ.

ಅದೇ ರೀತಿ, ಬಿಂಪುಳಿಯ ಪಕ್ಷ ವಹಿಸಿ ಬರೆಯುತ್ತಿರುವ ನಾನು ಅದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಕೊಬ್ಬಿನಂಶ ಇಳಿಯುತ್ತದೆಂದು ಅದರ ರಸವನ್ನು ಲೋಟಗಟ್ಟಲೆ ಕುಡಿಯುವ ಹುಚ್ಚು ನಮ್ಮ ನೆರೆಯ ಕೇರಳದಲ್ಲಿ ಹಬ್ಬಿದಾಗ ಮೂತ್ರಪಿಂಡಕ್ಕೆ ಪೆಟ್ಟಾದ ಹತ್ತು ಮಂದಿಯ ವಿವರವನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅದರಲ್ಲಿರುವ ಆಕ್ಸಾಲಿಕ್ ಆಮ್ಲವೇ ಕಾರಣ. ಸಾರಿಗೆ ನಾಲ್ಕೈದು ಕಾಯಿ ಹಾಕುವುದು ಬೇರೆ, ಮದ್ದೆಂದು ರಸ ಕುಡಿಯುವುದು ಬೇರೆ. ಮೂತ್ರಪಿಂಡದ ತೊಂದರೆಯಿರುವವರು ಸಾರಿನಲ್ಲಿಯೂ ಅದನ್ನು ಬಿಡುವುದು ಕ್ಷೇಮ. ಅವರು ವೈದ್ಯರನ್ನು ಕೇಳಲಿ. ದಾರೆಪುಳಿಗೂ ಇದೇ ಮಾತು.

ಕುವೈತಿನ ವಿದ್ಯಾರ್ಥಿನಿಗೆ ನಾನು ಬರೆದುಕೊಟ್ಟ ಸಿನಿಗಾಂಗಿನ ಸುಳ್ಯದ ಪಾಠ ಹೀಗಿದೆ. ನನ್ನ ಮನೆಯಾಕೆ ಎರಡು ಬಾರಿ ಮಾಡಿ ನೋಡಿ ಒಪ್ಪಿದ ಮೇಲೆಯೇ ಕೊಟ್ಟದ್ದು. ಎರಡನೆಯ ಬಾರಿ ತೊಳೆದ ಅಕ್ಕಿಯ ನೀರು ಒಂದು ಚೆಂಬು. ಅದರಲ್ಲಿ ಒಂದು ಈರುಳ್ಳಿ, ಒಂದು ಟೊಮೆಟೊ, ಐದಾರು ಬಿಂಪುಳಿ. ಬಿಂಪುಳಿ ಮೆತ್ತಗಾದ ಮೇಲೆ ಸೌಟಿನ ಹಿಂಬದಿಯಿಂದ ಅರೆದು ಸೋಸಿ, ರಸವನ್ನು ಮರಳಿ ಪಾತ್ರೆಗೆ. ಮೊದಲು ಕೆಸುವಿನ ಗೆಡ್ಡೆ. ಅದು ಕರಗಿ ಸಾರಿಗೆ ಮೈ ಬರಬೇಕು. ಬಳಿಕ ಮೂಲಂಗಿ, ಅಲಸಂಡೆ, ಬದನೆ; ಬೆಂಡೆ ಮತ್ತು ಮೀನು ಕೊನೆಯ ಹತ್ತು ನಿಮಿಷಕ್ಕೆ. ಅವರು ಹಾಕುವ ನೀರಿನಲ್ಲಿ ಬೆಳೆಯುವ ಸೊಪ್ಪಿನ ಬದಲು ನಮ್ಮ ಬಸಳೆಯ ಎಲೆ ಹಾಕಿ ಒಲೆ ಆರಿಸುವುದು. ಮೀನು ತಿನ್ನದವರು ಗುಜ್ಜೆಯನ್ನೂ ಬೇಯಿಸಿದ ತೊಗರಿಯನ್ನೂ ಹಾಕಿ, ಬಿಂಪುಳಿಯ ಬದಲಿಗೆ ಪುನರ್ಪುಳಿಯ ಸಿಪ್ಪೆ ಬಳಸಿದರೆ ಆ ಇಲೊಯಿಲೊದ ಸಾರಿಗೆ ಹತ್ತಿರ ಹೋಗುತ್ತದೆ. ಅವಳು ಇದರ ಛಾಯಾಚಿತ್ರವನ್ನು ತನ್ನ ಗೆಳತಿಗೆ ಕಳುಹಿಸಿದಾಗ ಆಕೆ ಮೊದಲು ಕೇಳಿದ್ದು, "ನಿಮ್ಮಲ್ಲಿ ಕಾಮಿಯಾಸ್ ಮರವಿದೆಯೇ?" ಎಂದಂತೆ. ಮರವನ್ನು ಸದ್ಯಕ್ಕೆ ಕಡಿದಿಲ್ಲ ಎಂದು ಅವಳ ತಾಯಿಯಿಂದ ತಿಳಿಯಿತು.

ಕೊನೆಯದಾಗಿ, ನೆಡಬೇಕೆಂದಿರುವವರಿಗೆ ಒಂದೆರಡು ಮಾತು. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಹುಟ್ಟಿದ ಗಿಡ ಹೂ ಬಿಡಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಅದು ಯಾವುದೆಂದು ತಿಳಿಯುವ ಉಪಾಯವಿಲ್ಲ, ಸುಮಾರು ಅರ್ಧಕ್ಕರ್ಧ ಗಂಡೇ ಆಗುತ್ತವೆ. ಅಷ್ಟು ಕಾಯಲಾಗದವರು ಹೆಣ್ಣು ಮರದಿಂದ ಕಸಿ ಮಾಡಿದ ಗಿಡವನ್ನು ನರ್ಸರಿಯಿಂದ ಕೊಳ್ಳಿ. ಬಿಂಪುಳಿಗೆ ಈ ರಗಳೆಯಿಲ್ಲ. ನನ್ನ ಹಿತ್ತಿಲಿನಲ್ಲಿ ಈ ಮಳೆಗಾಲಕ್ಕೆಂದು ಪುನರ್ಪುಳಿಯ ಇಪ್ಪತ್ತು, ಬಿಂಪುಳಿಯ ಹನ್ನೆರಡು ಸಸಿಗಳು ತೊಟ್ಟೆಯಲ್ಲಿ ಸಿದ್ಧವಾಗಿವೆ. ಬಂದವರಿಗೆ ದುಡ್ಡಿಲ್ಲದೆ ಕೊಡುತ್ತೇನೆ. ಪುನರ್ಪುಳಿ ಒಯ್ಯುವವರು ಮೂರಕ್ಕೆ ಕಡಿಮೆ ಒಯ್ಯಬೇಡಿ. ಮೂರೂ ಗಂಡಾದರೆ ಎಂಟು ವರ್ಷದ ಮೇಲೆ ಬಂದು ನನ್ನನ್ನು ದೂರಬಹುದು, ನಾನಿದ್ದರೆ!